ಹವಾಲ್ದಾರರ ಜಗಲಿ: ಹಿಮ ಬೀಳುವ ಮೊದಲೇ ಅಕ್ಕಿ ತಲುಪಿರಬೇಕು

ಹೋದ ತಿಂಗಳು ಇದೇ ಪುಟದಲ್ಲಿ, ಲಡಾಖಿನಲ್ಲಿ ವಿಮಾನದಿಂದ ಅಕ್ಕಿ ಮೂಟೆ ಬೀಳಿಸುತ್ತಿದ್ದ ಸಂಗತಿಯನ್ನು ಎರಡೇ ಸಾಲಿನಲ್ಲಿ ಬರೆದಿದ್ದೆ. ಈ ಸಲ ಬಂದ ಪತ್ರಗಳೆಲ್ಲ ಅದರ ಬಗ್ಗೆಯೇ. ಅಡಿಕೆ ಕೊಳೆರೋಗವನ್ನು ಕೇಳಿದವರೇ ಇಲ್ಲ! ಮೊದಲೇ ಹೇಳಿಬಿಡುತ್ತೇನೆ, ನಾನು ಗುಂಡು ಹಾರಿಸಿ ಮೆಡಲ್ ತಂದವನಲ್ಲ. ಆರ್ಮಿ ಸರ್ವಿಸ್ ಕೋರ್‌ನಲ್ಲಿ ಅಕ್ಕಿ, ಬೇಳೆ, ಸೀಮೆಎಣ್ಣೆಯ ಲೆಕ್ಕ ಬರೆದು, ಮೂಟೆ ಕಟ್ಟಿಸಿ ಕಳಿಸಿ, ಹವಾಲ್ದಾರನಾಗಿ ಮನೆಗೆ ಬಂದವನು. ಆ ಮೂಟೆಗಳ ಬಗ್ಗೆ ಮಾತ್ರ ಧೈರ್ಯವಾಗಿ ಹೇಳಬಲ್ಲೆ.

ಪ್ರಶ್ನೆ: ಹಿಮ ಬಿದ್ದು ಕಷ್ಟದಲ್ಲಿರುವ ಉತ್ತರದ ಹಳ್ಳಿಗಳಿಗೆ ಕಳಿಸೋಣ ಅಂತ ನಮ್ಮ ಸಂಘದವರು ಮನೆಮನೆ ತಿರುಗಿ ಹನ್ನೆರಡು ಚೀಲ ಬಟ್ಟೆ ಸೇರಿಸಿದ್ದೇವೆ. ಯಾರಿಗೆ ಕಳಿಸಬೇಕು, ಸಾರ್?
(ಯುವಕ ಸಂಘದ ಗೆಳೆಯರು, ಕೋಣಂದೂರು)

ಬೇಜಾರು ಮಾಡಿಕೊಳ್ಳಬೇಡಿ ತಮ್ಮಂದಿರಾ, ಯಾರಿಗೂ ಕಳಿಸಬೇಡಿ.

2005ರ ಅಕ್ಟೋಬರ್ 8ರಂದು ಕಾಶ್ಮೀರದಲ್ಲಿ ಭೂಕಂಪವಾಯಿತು. ಗಡಿಯ ಆಚೆಗೆ ಸತ್ತವರು ಸಾವಿರಾರು. ನಮ್ಮ ಕಡೆ ಉರಿ, ತಂಗಧಾರ್ ಕಣಿವೆಗಳಲ್ಲಿ ಕಲ್ಲು ಮಣ್ಣಿನ ಮನೆಗಳು ಕೂತ ಕೂತಲ್ಲೇ ಕುಸಿದಿದ್ದವು. ತಂಗಧಾರಿಗೆ ಹೋಗಬೇಕಾದರೆ ಸಾಧನಾ ಪಾಸ್ ಹತ್ತಿ ಇಳಿಯಬೇಕು. ಹಿಮ ಬಿದ್ದರೆ ಆ ದಾರಿ ಮುಚ್ಚುತ್ತದೆ. ಅಂದರೆ ನಮಗಿದ್ದದ್ದು ಕೆಲವೇ ವಾರ. ದೇಶದ ಮೂಲೆಮೂಲೆಯಿಂದ ಲಾರಿಗಟ್ಟಲೆ ಸಾಮಾನು ಬಂತು. ನಾನು ಒಂದು ಗೋಡೌನಿನಲ್ಲಿ ಅದನ್ನೆಲ್ಲ ಇಳಿಸಿಕೊಳ್ಳುವ ಕೆಲಸದಲ್ಲಿದ್ದೆ. ಚೀಲ ಬಿಚ್ಚಿದರೆ ಏನಿತ್ತು ಗೊತ್ತಾ? ಜರಿ ಅಂಚಿನ ಸೀರೆ. ಮದುವೆ ಕೋಟು. ಒಂದೇ ಕಾಲಿನ ಚಪ್ಪಲಿ. ಮಕ್ಕಳ ಈಜುಡುಗೆ ಕೂಡ ಬಂದಿತ್ತು ಮಾರಾಯ್ರೆ! ಅದನ್ನು ಬೇರೆ ಮಾಡುವುದಕ್ಕೇ ಎಂಟು ಜನ ಎರಡು ದಿನ ಕೂತರು. ಆ ಎಂಟು ಜನ ಅಷ್ಟು ಹೊತ್ತಿನಲ್ಲಿ ಎಷ್ಟು ಲಾರಿ ತುಂಬಿಸಬಹುದಿತ್ತು, ಲೆಕ್ಕ ಹಾಕಿ.

ಅಲ್ಲಿಯ ಜನ ಕೇಳುತ್ತಿದ್ದದ್ದು ತಗಡು, ಮೊಳೆ, ಕಟ್ಟುವ ತಂತಿ. ತಗಡು ಸಿಕ್ಕಿದರೆ ಬಿದ್ದ ಮನೆಯ ಮರಮಟ್ಟನ್ನೇ ಎಳೆದು ತಾವೇ ಒಂದು ಕೋಣೆ ಎಬ್ಬಿಸಿಕೊಳ್ಳುತ್ತಾರೆ. ಡೇರೆ ಕೊಟ್ಟರೆ ರಾತ್ರಿ ಬಿದ್ದ ಹಿಮದ ಭಾರಕ್ಕೆ ಅದು ಮಲಗಿಬಿಡುತ್ತದೆ. ಎದ್ದೆದ್ದು ಕೊಡವಬೇಕು. ಹತ್ತಿ ಬಟ್ಟೆಯಂತೂ ಒಮ್ಮೆ ಒದ್ದೆಯಾದರೆ ಮೈಯ ಬಿಸಿಯನ್ನೆಲ್ಲ ಹೀರಿಕೊಳ್ಳುತ್ತದೆ. ಉಣ್ಣೆ ಹಾಗಲ್ಲ, ನೆನೆದರೂ ಒಂದಿಷ್ಟು ಬೆಚ್ಚಗಿರುತ್ತದೆ. ಕಂಬಳಿಕೊಪ್ಪೆ ಹಾಕಿ ಸಸಿ ನೆಟ್ಟವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಬಟ್ಟೆಯನ್ನು ನಿಮ್ಮೂರಲ್ಲೇ ಬೇಕಾದವರಿಗೆ ಕೊಡಿ. ಹನ್ನೆರಡು ಚೀಲ ಸಾಗಿಸುವ ಲಾರಿ ಬಾಡಿಗೆ ಇದೆಯಲ್ಲ, ಆ ದುಡ್ಡನ್ನು ಕಳಿಸಿ. ಅಲ್ಲಿನ ಪೇಟೆಯಲ್ಲೇ ತಗಡು ಸಿಗುತ್ತದೆ.

ಪ್ರಶ್ನೆ: ರಸ್ತೆ ಮುಚ್ಚಿದರೇನಂತೆ, ಹೆಲಿಕಾಪ್ಟರ್ ಇದೆಯಲ್ಲ? ಅರ್ಧ ಗಂಟೆಯ ಕೆಲಸಕ್ಕೆ ಟಿವಿಯಲ್ಲಿ ‘ನಾಲ್ಕು ದಿನದಿಂದ ಕಾಯುತ್ತಿದ್ದಾರೆ’ ಅನ್ನುತ್ತಾರೆ. ಇದು ಸೋಮಾರಿತನ ಅಲ್ವಾ?
(ಕಾಲೇಜು ವಿದ್ಯಾರ್ಥಿ, ಸಾಗರ)

ನಿನ್ನ ವಯಸ್ಸಿನಲ್ಲಿ ನನಗೂ ಹಾಗೇ ಅನ್ನಿಸುತ್ತಿತ್ತು. ಹೆಲಿಕಾಪ್ಟರ್ ಗಾಳಿಯನ್ನು ಕೆಳಕ್ಕೆ ತಳ್ಳಿ ತಾನು ಮೇಲೆ ನಿಲ್ಲುತ್ತದೆ. ಲೇಹ್ ಇರುವುದು ಸುಮಾರು 11,500 ಅಡಿ ಎತ್ತರದಲ್ಲಿ. ಅಲ್ಲಿಯ ಗಾಳಿಯ ಒತ್ತಡ ಸಮುದ್ರ ಮಟ್ಟದ ಮೂರನೇ ಎರಡು ಭಾಗದಷ್ಟು ಮಾತ್ರ. ತಳ್ಳಲು ಗಾಳಿಯೇ ಕಮ್ಮಿ ಇದ್ದ ಮೇಲೆ ಭಾರವನ್ನೂ ಕಮ್ಮಿ ಮಾಡಬೇಕು. ಸಿಯಾಚಿನ್ನಿನ ತೀರಾ ಎತ್ತರದ ಚೌಕಿಗಳಿಗೆ ಚೀತಾ ಹೆಲಿಕಾಪ್ಟರ್ ಒಂದು ಸಲಕ್ಕೆ ಒಯ್ಯುವುದು ಒಂದೆರಡು ಜೆರಿಕ್ಯಾನಿನಷ್ಟೇ. ನಮ್ಮ ಊರಿನ ಸ್ಕೂಟರು ಅದಕ್ಕಿಂತ ಜಾಸ್ತಿ ಹೊರುತ್ತದೆ!

ಇನ್ನು ಮೋಡ. ಆಗುಂಬೆ ಘಾಟಿಯಲ್ಲಿ ಮಂಜು ಕವಿದಾಗ ಬಸ್ಸಿನ ಡ್ರೈವರು ಲೈಟು ಹಾಕಿಕೊಂಡು ಮೆಲ್ಲಗೆ ಇಳಿಯುತ್ತಾನೆ, ಬೇಡ ಅನ್ನಿಸಿದರೆ ನಿಲ್ಲಿಸುತ್ತಾನೆ. ಎರಡೂ ಕಡೆ ಬೆಟ್ಟದ ಗೋಡೆ ಇರುವ ಕಣಿವೆಯಲ್ಲಿ ಪೈಲಟ್ ಎಲ್ಲಿ ನಿಲ್ಲಿಸಬೇಕು? ಹೊತ್ತೇರಿದರೆ ಗಾಳಿ ಏಳುತ್ತದೆ. ಅದಕ್ಕೇ ಲಡಾಖಿಗೆ ಸಾಮಾನು ಒಯ್ಯುವ ವಿಮಾನಗಳು ಚಂಡೀಗಢದಿಂದ ಬೆಳಗ್ಗೆ ಬೇಗನೆ ಹೊರಡುತ್ತಿದ್ದವು. ಇಳಿಯುವಾಗ ಇನ್ನೊಂದು ತಾಪತ್ರಯ. ರೆಕ್ಕೆಯ ಗಾಳಿಗೆ ಪುಡಿಹಿಮ ಎದ್ದು ಸುತ್ತಲೂ ಬೆಳ್ಳಗಾಗುತ್ತದೆ. ನೆಲ ಹತ್ತು ಅಡಿ ಕೆಳಗಿದೆಯೋ ಐವತ್ತು ಅಡಿ ಕೆಳಗಿದೆಯೋ ಕಣ್ಣಿಗೆ ತಿಳಿಯುವುದೇ ಇಲ್ಲ. ಅದಕ್ಕೆ ಊರವರು ಮೊದಲೇ ಬಂದು ಹಿಮ ತುಳಿದು ಗಟ್ಟಿ ಮಾಡಿ, ಕಪ್ಪು ಕಂಬಳಿ ಹಾಸಿ ಕಲ್ಲು ಹೇರಿಡಬೇಕು. ಆಕಾಶದ ಕೆಲಸದಲ್ಲೂ ಅರ್ಧ ನೆಲದವರದ್ದೇ.

ನಾಲ್ಕು ದಿನ ಕಾಯುವವರ ಜೊತೆ ನಾನೂ ಕಾದಿದ್ದೇನೆ. ಮೂಟೆ ಸಿದ್ಧ, ಇಂಜಿನ್ ಸಿದ್ಧ, ಮೋಡ ಮಾತ್ರ ಬಿಡುತ್ತಿಲ್ಲ. ಆಗ ಬರುವ ಸಿಟ್ಟಿಗೆ ಹೆಸರಿಲ್ಲ.

ಪ್ರಶ್ನೆ: ಅಷ್ಟು ಎತ್ತರದಿಂದ ಬಿದ್ದರೆ ಚೀಲ ಒಡೆಯುವುದಿಲ್ಲವೇ? ಏನೇನು ಸಾಮಾನು ಇರುತ್ತಿತ್ತು?
(ಗೃಹಿಣಿ, ತೀರ್ಥಹಳ್ಳಿ)

ಒಡೆಯುತ್ತದೆ ಅಮ್ಮಾ. ಒಡೆಯಲಿ ಅಂತಲೇ ಕಟ್ಟುತ್ತಿದ್ದೆವು. ಅಕ್ಕಿಯನ್ನು ಗೋಣಿಚೀಲಕ್ಕೆ ಗಿಡಿಯಬಾರದು, ಮುಕ್ಕಾಲಿಗಿಂತ ಕಡಿಮೆ ತುಂಬಿ ಸಡಿಲ ಬಿಡಬೇಕು. ಅದನ್ನು ಇನ್ನೊಂದು ದೊಡ್ಡ ಚೀಲದೊಳಗೆ ಹಾಕಿ ಹೊಲಿಯಬೇಕು. ಬಿದ್ದಾಗ ಒಳಗಿನದು ಒಡೆದರೂ ಹೊರಗಿನದು ಹಿಡಿದುಕೊಳ್ಳುತ್ತದೆ. ಅಟ್ಟದಿಂದ ಅಡಿಕೆ ಚೀಲ ದೂಡಿದವರು ನೋಡಿರುತ್ತೀರಿ, ಬಿರಿಯುವುದು ಯಾವಾಗಲೂ ಬಿಗಿಯಾಗಿ ತುಂಬಿದ ಚೀಲವೇ. ಎಣ್ಣೆ, ಔಷಧಿ, ಗಾಜಿನ ಸಾಮಾನಿಗೆ ಮಾತ್ರ ಪ್ಯಾರಾಚೂಟ್.

ಆದರೆ ಅಕ್ಕಿ ಬಿದ್ದ ಕೂಡಲೇ ಅನ್ನವಾಗುವುದಿಲ್ಲವಲ್ಲ. ಲೇಹ್‌ನ ಎತ್ತರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಹೊತ್ತು ಕುದಿಸಿದರೂ ಬೇಳೆ ಕಲ್ಲಿನ ಹಾಗೇ ಇರುತ್ತದೆ. ಕುಕ್ಕರ್ ಇಲ್ಲದ ಮನೆಗೆ ಬೇಳೆ ಕಳಿಸಿದರೆ ಸುಮ್ನೆ ದಂಡ. ಇನ್ನು ನೀರು. ಸುತ್ತ ಹಿಮವೇ ಇದ್ದರೂ ಕುಡಿಯಬೇಕಾದರೆ ಕರಗಿಸಬೇಕು. ಒಂದು ಸೇರು ಹಿಮ ಕರಗಿಸಲು ಬೇಕಾಗುವಷ್ಟು ಬೆಂಕಿಯಲ್ಲಿ ಒಂದು ಸೇರು ಕೊರೆಯುವ ತಣ್ಣೀರನ್ನು 80 ಡಿಗ್ರಿವರೆಗೆ ಕಾಯಿಸಬಹುದು. ನಿಮ್ಮ ಬಚ್ಚಲ ಒಲೆಗೆ ಸ್ನಾನದ ನೀರು ಕಾಯಿಸಲು ಎಷ್ಟು ಕಟ್ಟಿಗೆ ಬೇಕು ನೋಡಿಕೊಳ್ಳಿ. ಅವರಿಗೆ ಬರೀ ಕುಡಿಯುವ ನೀರಿಗೇ ಆ ಪಾಟಿ ಉರಿ ಬೇಕು. ಹಾಗಾಗಿ ಅಕ್ಕಿಗಿಂತ ಮೊದಲು ಸೀಮೆಎಣ್ಣೆ ಅನ್ನುವುದು ನನ್ನ ಲೆಕ್ಕ. ಲಡಾಖಿನವರು ಹುರಿದ ಬಾರ್ಲಿ ಹಿಟ್ಟನ್ನು ಚಹಾಕ್ಕೆ ಕಲಸಿ ತಿಂದುಬಿಡುತ್ತಾರೆ, ಬೇಯಿಸುವ ಗೋಜೇ ಇಲ್ಲ. ನಮ್ಮ ಅಕ್ಕಿಗಿಂತ ಅವರ ಹಿಟ್ಟೇ ಜಾಣ ಹಿಟ್ಟು.

ಸೀಮೆಎಣ್ಣೆ ಅಂದಾಗ ಒಂದು ಸಂಗತಿ ಹೇಳಲೇಬೇಕು. ಒಂದು ಚಳಿಗಾಲ, ದಾರಿ ಕಟ್ಟಿದ ಒಂದು ಹಳ್ಳಿಗೆ ಅವಸರದಲ್ಲಿ ಸಾಮಾನು ಹೊಂದಿಸುವಾಗ ಗೋಧಿಹಿಟ್ಟು, ಸೀಮೆಎಣ್ಣೆ ಎರಡನ್ನೂ ಒಂದೇ ಕಟ್ಟಿನಲ್ಲಿ ಇಡಿಸಿದೆ. ತಪ್ಪು ನನ್ನದೇ. ಕಟ್ಟು ಬಂಡೆಗೆ ಬಡಿದು ಟಿನ್ನು ಸೀಳಿತು, ಹಿಟ್ಟೆಲ್ಲ ನೆನೆಯಿತು. ದಾರಿ ತೆರೆದ ಮೇಲೆ ನಾನೇ ಅಲ್ಲಿಗೆ ಹೋದೆ. ಗೋಬಾ, ಅಂದರೆ ಅವರ ಊರಿನ ಹಿರಿಯ, ನನ್ನನ್ನು ಕೂರಿಸಿ ಬೆಣ್ಣೆ ಹಾಕಿದ ಉಪ್ಪು ಚಹಾ ಕೊಟ್ಟರು. ಹಿಟ್ಟೇನು ಮಾಡಿದಿರಿ ಅಂತ ಕೇಳಿದೆ. ‘ವಾಸನೆ ಹೋಗುವವರೆಗೆ ಬಿಸಿಲಿಗೆ ಹರವಿದೆವು. ಹೋಗಲಿಲ್ಲ. ತಿಂದೆವು’ ಅಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಪ್ರಶ್ನೆ: ಮನುಷ್ಯರಿಗೆ ಸರಿ. ದನಕರುಗಳ ಗತಿ ಏನು?
(ಹೈನುಗಾರರು, ಹೊಸನಗರ)

ಇದನ್ನು ಕೇಳಿದವರು ನೀವೊಬ್ಬರೇ. ದನ ಕಟ್ಟಿದವರಿಗೇ ಇದು ಹೊಳೆಯುವುದು.

ಮಂಗೋಲಿಯಾದಲ್ಲಿ ಇಂಥ ಚಳಿಗಾಲಕ್ಕೆ ‘ಜುಡ್’ ಅನ್ನುತ್ತಾರೆ. ಹುಲ್ಲಿನ ಮೇಲೆ ಹಿಮ ಗಟ್ಟಿಯಾಗಿ ಕೂತು, ಕುರಿ ಕುದುರೆಗಳು ಕೆರೆದರೂ ಮೇವು ಸಿಗದೆ ನಿಂತಲ್ಲೇ ಸಾಯುತ್ತವೆ. 2009-10ರ ಜುಡ್‌ನಲ್ಲಿ 80 ಲಕ್ಷಕ್ಕೂ ಹೆಚ್ಚು ಜಾನುವಾರು ಸತ್ತವು. ಕುರಿ ಹೋದ ಮೇಲೆ ಕುರಿಗಾರ ಊರು ಬಿಟ್ಟು ಪೇಟೆಯ ಅಂಚಿನಲ್ಲಿ ಡೇರೆ ಹಾಕುತ್ತಾನೆ. ಹಾಗಾಗಿ ಮೇವೂ ಪರಿಹಾರವೇ. 1949ರ ಜನವರಿಯಲ್ಲಿ ಅಮೆರಿಕದ ನೆವಾಡಾ, ಯೂಟಾ ಕಡೆ ಭಾರಿ ಹಿಮ ಬಿದ್ದಾಗ ಅವರ ವಾಯುಪಡೆ ಕುರಿ ದನಗಳಿಗೆ ವಿಮಾನದಿಂದ ಹುಲ್ಲಿನ ಕಟ್ಟು ಎಸೆಯಿತು. ‘ಆಪರೇಷನ್ ಹೇಲಿಫ್ಟ್’ ಅಂತ ಅದರ ಹೆಸರು. 1967ರ ಡಿಸೆಂಬರಿನಲ್ಲಿ ಅಲ್ಲಿಯ ಮೂಲನಿವಾಸಿಗಳಾದ ನವಾಹೊ ಜನರ ಊರುಗಳಿಗೂ ಹೀಗೇ ಹುಲ್ಲು, ಆಹಾರ ಎರಡೂ ಹೋಯಿತು. ನಮ್ಮಂಥ ಮೂಟೆ ಕಟ್ಟುವವರಿಗೆ ಇದಕ್ಕಿಂತ ಸುಖದ ಸಾಮಾನಿಲ್ಲ. ಕಟ್ಟು ಒಡೆದು ಹರಡಿದರೆ ಇನ್ನೂ ಒಳ್ಳೆಯದು, ಬಡಿಸುವ ಕೆಲಸ ತಪ್ಪಿತು.

ಪ್ರಶ್ನೆ: ಚಳಿಗೆ ರಮ್ ಒಳ್ಳೆಯದಂತೆ. ಮಿಲಿಟರಿಯವರೇ ಕುಡಿಯುತ್ತೀರಲ್ಲ?
(‘ಕುತೂಹಲಿ’, ಶಿವಮೊಗ್ಗ)

ಕುಡಿದಾಗ ಬೆಚ್ಚಗೆ ಅನ್ನಿಸುತ್ತದೆ, ನಿಜ. ಚರ್ಮದ ರಕ್ತನಾಳ ಅಗಲವಾಗಿ ಒಳಗಿನ ಬಿಸಿ ಹೊರಗೆ ಬರುವುದಕ್ಕೆ ಹಾಗನ್ನಿಸುತ್ತದೆ. ಬಂದ ಬಿಸಿ ಅಲ್ಲಿಂದ ಗಾಳಿಗೆ ಹೋಗುತ್ತದೆ. ಚಳಿಗೆ ಸೆಟೆದವರಿಗೆ ಅದನ್ನು ಕುಡಿಸಿದರೆ ಕೊಂದ ಹಾಗೆ. ಒದ್ದೆ ಬಟ್ಟೆ ತೆಗೆದು, ಕೈಕಾಲಿಗಿಂತ ಮೊದಲು ಎದೆ ಹೊಟ್ಟೆ ಬೆಚ್ಚಗೆ ಮಾಡಿ, ಎಚ್ಚರ ಇದ್ದರೆ ಬಿಸಿ ಸಿಹಿ ನೀರು ಕೊಡಬೇಕು. ಮರಗಟ್ಟಿದ ಬೆರಳನ್ನು ತಿಕ್ಕಬಾರದು. ಕುತೂಹಲಿಗಳೇ, ರಮ್ಮಿಗೆ ಬೇರೆ ನೆಪ ಹುಡುಕಿಕೊಳ್ಳಿ.

ಪ್ರಶ್ನೆ: ತಾತ, ನಾಯಿಗಳು ಔಷಧಿ ತಲುಪಿಸಿದ್ದವಂತೆ, ನಿಜಾನಾ?
(ಏಳನೇ ತರಗತಿ, ರಿಪ್ಪನ್‌ಪೇಟೆ)

ನಿಜ ಪುಟ್ಟಾ. 1925ರಲ್ಲಿ ಅಲಾಸ್ಕಾದ ನೋಮ್ ಅನ್ನುವ ಊರಿಗೆ ಗಂಟಲುಮಾರಿ, ಅಂದರೆ ಡಿಫ್ತೀರಿಯಾ ಬಂತು. ಕಡಲು ಹೆಪ್ಪುಗಟ್ಟಿ ಹಡಗಿಲ್ಲ. ಆಗಿನ ತೆರೆದ ವಿಮಾನ ಆ ಚಳಿಯಲ್ಲಿ ಹಾರುವಂತಿರಲಿಲ್ಲ. ರೈಲು ನಿಂತ ಕಡೆಯಿಂದ 674 ಮೈಲಿ ದೂರಕ್ಕೆ ನಾಯಿ ಎಳೆಯುವ ಹಿಮಬಂಡಿಯ 20 ಜನ ಬಂಡಿಗಾರರು, ಸುಮಾರು 150 ನಾಯಿಗಳು ಕೈಯಿಂದ ಕೈಗೆ ದಾಟಿಸಿಕೊಂಡು ಐದೂವರೆ ದಿನದಲ್ಲಿ ಔಷಧಿ ಮುಟ್ಟಿಸಿದರು. ಕೊನೆಯ ಸರದಿಯ ನಾಯಿ ಬಾಲ್ಟೋಗೆ ನ್ಯೂಯಾರ್ಕಿನಲ್ಲಿ ಪ್ರತಿಮೆ ನಿಲ್ಲಿಸಿದರು. ಎಲ್ಲರಿಗಿಂತ ಉದ್ದ, ಅಪಾಯದ ಹಾದಿ ಓಡಿದ್ದು ಮಾತ್ರ ಟೋಗೋ ಎಂಬ ನಾಯಿ. ಆಗ ಅದಕ್ಕೆ ಅಷ್ಟು ಹೆಸರು ಬರಲಿಲ್ಲ. ಸರ್ವಿಸ್ ಕೋರ್‌ನವನಾಗಿ ನನ್ನ ಓಟು ಟೋಗೋಗೆ.

ಪ್ರಶ್ನೆ: ನಮಗೆ ಹಿಮ ಇಲ್ಲ. ಆದರೆ ಮಳೆಗಾಲದಲ್ಲಿ ಧರೆ ಕುಸಿದು, ಕಾಲುಸಂಕ ಕೊಚ್ಚಿಹೋಗಿ ನಾವೂ ದ್ವೀಪದವರೇ. ನಿಮ್ಮ ಅನುಭವದಲ್ಲಿ ನಮಗೇನಿದೆ?
(ಹಿನ್ನೀರಿನ ಓದುಗರು, ತುಮರಿ)

ನಿಮ್ಮ ಕಡೆ 2025ರ ಜುಲೈ 14ರಂದು ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. 2.44 ಕಿಲೋಮೀಟರ್. ಲಾಂಚ್ ನಿಂತ ರಾತ್ರಿಯಲ್ಲಿ ಹೆರಿಗೆ ನೋವು ಬಂದವರ ಮನೆಯವರಿಗೆ ಅದರ ಬೆಲೆ ಗೊತ್ತು. ಆದರೂ ಸೇತುವೆಯಿಂದ ನಿಮ್ಮ ಅಂಗಳದವರೆಗಿನ ಮಣ್ಣು ರಸ್ತೆ ಹಾಗೇ ಇದೆಯಲ್ಲ.

ಸೈನ್ಯದಲ್ಲಿ ‘ಅಡ್ವಾನ್ಸ್ ವಿಂಟರ್ ಸ್ಟಾಕಿಂಗ್’ ಅಂತ ಒಂದು ದೊಡ್ಡ ಕೆಲಸ ಇದೆ. ಕಾಶ್ಮೀರದಿಂದ ಲಡಾಖಿಗೆ ದಾಟುವ ಜೊಜಿ ಲಾ ಅನ್ನುವ ಎತ್ತರದ ಘಾಟಿ ಹಿಮಕ್ಕೆ ಮುಚ್ಚುವ ಮೊದಲು, ಬೇಸಿಗೆಯಲ್ಲೇ ಇಡೀ ಚಳಿಗಾಲದ ಸಾಮಾನನ್ನು ಲಾರಿಯಲ್ಲಿ ಮೇಲೆ ಸಾಗಿಸಿ ಇಡುವುದು. ವಿಮಾನದಿಂದ ಎಸೆಯುವುದೆಲ್ಲ ಆ ಲೆಕ್ಕ ತಪ್ಪಿದಾಗಿನ ದುಬಾರಿ ತೇಪೆ. ಲಡಾಖಿನ ಮನೆಗಳ ಮಾಡಿನ ಮೇಲೆ ಹುಲ್ಲು, ಸೌದೆ, ಬೆರಣಿ ಒಟ್ಟಿರುತ್ತಾರೆ. ಮೊದಲ ಸಲ ನೋಡಿದಾಗ ನಮ್ಮ ಮನೆಯೇ ನೆನಪಾಯಿತು. ಮೃಗಶಿರಾ ಮಳೆ ಹಿಡಿಯುವುದರೊಳಗೆ ಅಮ್ಮ ಕಟ್ಟಿಗೆ ಒಟ್ಟಿಸಿ, ದರಗು ತುಂಬಿಸಿ, ಹಲಸಿನ ಹಪ್ಪಳ ಕಟ್ಟಿ, ಉಪ್ಪಿನಕಾಯಿ ಜಾಡಿಗೆ ಬಟ್ಟೆ ಬಿಗಿದು ಮುಗಿಸಿರುತ್ತಿದ್ದಳು. ಬೆಂಕಿಪೊಟ್ಟಣ ಥಂಡಿ ಹಿಡಿಯಬಾರದು ಅಂತ ಹುರಿದ ಅಕ್ಕಿಯ ಡಬ್ಬಿಯಲ್ಲಿ ಹೂತಿಡುತ್ತಿದ್ದಳು.

ನಿಮ್ಮ ಕೇರಿಯಲ್ಲಿ ಮೇ ತಿಂಗಳಲ್ಲಿ ಒಂದು ಪಟ್ಟಿ ಮಾಡಿ. ಯಾರ ಮನೆಯಲ್ಲಿ ಬಸುರಿ ಇದ್ದಾಳೆ, ಯಾರಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಬೇಕು, ಹಳ್ಳದಾಚೆ ಒಂಟಿಯಾಗಿ ಯಾವ ಅಜ್ಜಿ ಇದ್ದಾಳೆ. ಆ ಅಜ್ಜಿಯ ಹೆಸರು ಮೊದಲು ಬರೆಯಿರಿ. ಸಾಮಾನು ಬಂದಾಗ ನೂಕುನುಗ್ಗಲಿಗೆ ಬಾರದವಳು ಅವಳೇ. ಒಂದು ತಿಂಗಳ ಮಾತ್ರೆಯನ್ನು ಮಳೆ ಹಿಡಿಯುವ ಮೊದಲೇ ಮುಟ್ಟಿಸಿ.

ನಮ್ಮನೆಯ ದಾಸ್ತಾನಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹೋದ ವರ್ಷ ನಾನು ನಲವತ್ತು ಬೆಂಕಿಪೊಟ್ಟಣ ತಂದಿಟ್ಟೆ. ‘ಗ್ಯಾಸಿಗೆ ಲೈಟರ್ ಇದೆ ಕಣ್ರೀ’ ಅಂತ ನನ್ನಾಕೆ ನಕ್ಕಳು. ಆರಿದ್ರಾ ಮಳೆಯಲ್ಲಿ ಲೈಟರ್ ಕೆಟ್ಟಿತು. ಪೊಟ್ಟಣಗಳೂ ಥಂಡಿ ಹಿಡಿದಿದ್ದವು. ಹುರಿದ ಅಕ್ಕಿಯಲ್ಲಿ ಹೂತಿಡುವುದನ್ನು ನಾನು ಮರೆತಿದ್ದೆ.