ಆ ಕೊನೆಯ ಪುಟ

ಓದುಗರ ಪತ್ರ:
"ಸಂಪಾದಕರೇ, ಹಿಂದಿನ ಸಂಚಿಕೆಯಲ್ಲಿ ಬಾಕ್ಸರ್ ಬಾರ್ನಿ ರಾಸ್ ಬಗ್ಗೆ ಬಂದ ಲೇಖನ ಓದಿದೆ. ವಲಸೆ ಬಂದ ಬಡ ಕುಟುಂಬದ ಹುಡುಗ ವಿಶ್ವ ಚಾಂಪಿಯನ್ ಆದದ್ದು, ಯುದ್ಧಕ್ಕೆ ಹೋಗಿ ಪದಕ ಪಡೆದದ್ದು ಬಹಳ ಚೆನ್ನಾಗಿತ್ತು. ಏಳನೇ ತರಗತಿಯ ಮೊಮ್ಮಗನಿಗೆ ಓದಲು ಕೊಡೋಣ ಅಂದುಕೊಂಡೆ. ಆದರೆ ಕೊನೆಯ ಪುಟದಲ್ಲಿ ಅವನು ಮಾದಕ ವಸ್ತುವಿನ ದಾಸನಾದ ಕಥೆ ಯಾಕೆ ಬೇಕಿತ್ತು? ಆ ಪುಟ ಕತ್ತರಿಸಿ ತೆಗೆದಿಟ್ಟು ಉಳಿದದ್ದನ್ನು ಕೊಟ್ಟೆ. ಹುಡುಗ ಓದಿ, 'ಆಮೇಲೆ ಏನಾದ ತಾತ?' ಅಂದ. 'ಸುಖವಾಗಿದ್ದ' ಅಂದೆ. ಮಕ್ಕಳಿಗೆ ಆದರ್ಶ ಬೇಕು. ಸತ್ತವರ ಹುಳುಕು ಕೆದಕಿ ಯಾರಿಗೆ ಲಾಭ?"
— ನಿವೃತ್ತ ಮುಖ್ಯೋಪಾಧ್ಯಾಯರು, ತಿಪಟೂರು

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊಮ್ಮಗನ ಕೈಗೆ ಪತ್ರಿಕೆ ಕೊಡುವ ಮುಂಚೆ ತಾವೇ ಒಂದು ಸಲ ಓದಿ ನೋಡುವ ತಾತಂದಿರು ಈಗ ಎಷ್ಟು ಜನ ಇದ್ದಾರೆ? ಅದಕ್ಕೆ ಮೊದಲು ನಿಮಗೆ ಕೈ ಮುಗಿಯುತ್ತೇನೆ. ಮಕ್ಕಳು ಓದುವ ಕಡೆ ಚಟದ ವಿವರ ಎಷ್ಟಿರಬೇಕು ಅನ್ನೋದಕ್ಕೆ ಒಂದು ಮಿತಿ ಬೇಕು ಅನ್ನುವುದನ್ನೂ ಒಪ್ಪುತ್ತೇನೆ. ಆದರೆ ಕತ್ತರಿ ಆಡಿಸಿದ್ದನ್ನು ಒಪ್ಪಲಾರೆ. 'ಸುಖವಾಗಿದ್ದ' ಅಂದಿರಲ್ಲ, ಅದನ್ನಂತೂ ಖಂಡಿತ ಒಪ್ಪಲಾರೆ.

ನಿಮಗೆ ಇಷ್ಟವಾದ ಭಾಗದಿಂದಲೇ ಶುರು ಮಾಡುತ್ತೇನೆ. ರಾಸ್‌ನ ಮನೆಯವರು ಬ್ರೆಸ್ಟ್-ಲಿಟೊವ್‌ಸ್ಕ್ ಕಡೆಯ ಯಹೂದಿಗಳು. ಈಗ ಆ ಊರು ಬೆಲರೂಸ್‌ನಲ್ಲಿದೆ. ಯಹೂದಿಗಳ ಮೇಲೆ ದಂಗೆಗಳು ನಡೆಯುತ್ತಿದ್ದ ಕಾಲ. ಜೀವ ಉಳಿಸಿಕೊಂಡು ಅಮೆರಿಕಕ್ಕೆ ಬಂದರು. ಹುಡುಗ ಹುಟ್ಟಿದ್ದು 1909ರಲ್ಲಿ ನ್ಯೂಯಾರ್ಕ್‌ನಲ್ಲಿ, ಬೆಳೆದದ್ದು ಷಿಕಾಗೋದ ಮ್ಯಾಕ್ಸ್‌ವೆಲ್ ಸ್ಟ್ರೀಟ್ ಪಕ್ಕದ ಬೀದಿಗಳಲ್ಲಿ. ಮನೆತನದ ಹೆಸರು ರಾಸೋಫ್‌ಸ್ಕಿ. ಅಪ್ಪ ಧರ್ಮಗ್ರಂಥ ಓದಿಕೊಂಡವರು, ಹೊಟ್ಟೆಪಾಡಿಗೆ ಒಂದು ಪುಟ್ಟ ದಿನಸಿ ಅಂಗಡಿ. ಮಗ ಗುರುವಾಗಬೇಕು, ಮಕ್ಕಳಿಗೆ ಪಾಠ ಹೇಳಬೇಕು ಅನ್ನೋದು ಆಸೆ. ಹೊಡೆದಾಟ ನಮ್ಮಂಥವರಿಗಲ್ಲ ಅಂತ ಕಟ್ಟುನಿಟ್ಟಾಗಿ ಹೇಳುತ್ತಿದ್ದರು.

1923ರ ಡಿಸೆಂಬರ್‌ನಲ್ಲಿ ಆ ಅಂಗಡಿಗೆ ಕಳ್ಳರು ನುಗ್ಗಿ ಅಪ್ಪನನ್ನು ಗುಂಡು ಹೊಡೆದು ಕೊಂದರು. ಹುಡುಗನಿಗೆ ಇನ್ನೂ ಹದಿನಾಲ್ಕು ತುಂಬಿರಲಿಲ್ಲ. ಅಮ್ಮ ಮಾನಸಿಕವಾಗಿ ಕುಸಿದುಬಿದ್ದರು. ಚಿಕ್ಕವರು ಮೂವರು, ಇಬ್ಬರು ತಮ್ಮಂದಿರು ಮತ್ತು ಒಬ್ಬ ತಂಗಿ, ಅನಾಥಾಲಯದ ಪಾಲಾದರು. ಇವನಿಗೆ ದೇವರ ಮೇಲೂ ಸಿಟ್ಟು, ಊರಿನ ಮೇಲೂ ಸಿಟ್ಟು. ಬೀದಿಗೆ ಬಿದ್ದ, ಗ್ಯಾಂಗಿನವರ ಸಣ್ಣಪುಟ್ಟ ಕೆಲಸ ಮಾಡಿಕೊಂಡು ತಿರುಗಿದ. ಒಂದೇ ಹಟ ಇತ್ತು: ದುಡ್ಡು ಮಾಡಬೇಕು, ಒಂದು ಮನೆ ಮಾಡಬೇಕು, ತಮ್ಮಂದಿರನ್ನೂ ತಂಗಿಯನ್ನೂ ಕರೆದುಕೊಂಡು ಬರಬೇಕು. ಬಾಕ್ಸಿಂಗ್‌ಗೆ ಹೋದದ್ದು ಅದಕ್ಕೇ. ಗೆದ್ದ ಪದಕಗಳನ್ನು ಗಿರವಿ ಅಂಗಡಿಯಲ್ಲಿಟ್ಟು ಕಾಸು ತಂದ. ಅಮ್ಮನಿಗೆ ಗೊತ್ತಾಗಬಾರದು ಅಂತ ರಾಸ್ ಅಂತ ಹೆಸರು ಬದಲಾಯಿಸಿಕೊಂಡ. ಅವನ ಆರಾಧ್ಯದೈವ, ಬಾಕ್ಸರ್ ಬೆನ್ನಿ ಲೆನರ್ಡ್ ಕೂಡ ಮನೆಯವರಿಗೆ ತಿಳಿಯದಿರಲಿ ಅಂತಲೇ ಲೈನರ್ ಅನ್ನೋ ಹೆಸರು ಬಿಟ್ಟವನು. ಆ ಕಾಲದ ಅಮೆರಿಕದಲ್ಲಿ ಕದ್ದು ಬಾಕ್ಸಿಂಗ್ ಮಾಡಿದ ಯಹೂದಿ ಹುಡುಗರು ಒಬ್ಬಿಬ್ಬರಲ್ಲ.

1933ರ ಜೂನ್‌ನಲ್ಲಿ ಷಿಕಾಗೋ ಸ್ಟೇಡಿಯಂನಲ್ಲಿ ಟೋನಿ ಕ್ಯಾನ್ಜೋನೆರಿಯನ್ನು ಸೋಲಿಸಿ ಲೈಟ್‌ವೇಟ್ ಅನ್ನೋ ತೂಕದ ವಿಭಾಗದ ವಿಶ್ವ ಪಟ್ಟ ಗೆದ್ದ. ಮರುವರ್ಷ ಮೇ 28ಕ್ಕೆ ಜಿಮ್ಮಿ ಮೆಕ್‌ಲಾರ್ನಿನ್‌ನನ್ನು ಸೋಲಿಸಿ ಅದಕ್ಕಿಂತ ಭಾರದ ವೆಲ್ಟರ್‌ವೇಟ್ ಪಟ್ಟ. ಸೆಪ್ಟೆಂಬರ್‌ನಲ್ಲಿ ಅದು ಕೈಬಿಟ್ಟಿತು, 1935ರಲ್ಲಿ ಮತ್ತೆ ಕಿತ್ತುಕೊಂಡ. ಕ್ಯಾನ್ಜೋನೆರಿ ಇಟಲಿಯಿಂದ ಬಂದವರ ಮಗ, ಮೆಕ್‌ಲಾರ್ನಿನ್ ಐರ್ಲೆಂಡಿನಲ್ಲೇ ಹುಟ್ಟಿದವನು. ಮೂವರೂ ವಲಸೆ ಬಂದ ಮನೆಗಳ ಹುಡುಗರೇ. ಆ ಕಡೆ ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಿದ್ದ. ಈ ಕಡೆ ಒಬ್ಬ ಯಹೂದಿ ಹುಡುಗ ರಿಂಗಿನಲ್ಲಿ ಗೆದ್ದರೆ ಅವನ ಜನಕ್ಕೆ ಅದು ಬರೀ ಪಂದ್ಯವಾಗಿ ಉಳಿಯಲಿಲ್ಲ. ತಮ್ಮಂದಿರು, ತಂಗಿ ಎಲ್ಲ ಮನೆಗೆ ಬಂದರು.

ನೀವು ಮೆಚ್ಚಿದ ಭಾಗ ಇಷ್ಟು. ಈಗ ಒಂದು ಪಂದ್ಯದ ಬಗ್ಗೆ ಹೇಳುತ್ತೇನೆ, ಅದು ಸೋತ ಪಂದ್ಯ. 1938ರ ಮೇ 31. ಎದುರಿಗೆ ಹೆನ್ರಿ ಆರ್ಮ್‌ಸ್ಟ್ರಾಂಗ್, ತೂಕದಲ್ಲಿ ಇವನಿಗಿಂತ ಚಿಕ್ಕವನು, ನಿಲ್ಲಿಸದೆ ಹೊಡೆಯುವವನು. ಮೊದಲ ಕೆಲವು ಸುತ್ತು ಆದ ಮೇಲೆ ರಾಸ್‌ನ ಕೈಕಾಲು ಮಾತು ಕೇಳಲಿಲ್ಲ. ಮುಖ ಊದಿಕೊಂಡಿತು. ಅವನ ಮೂಲೆಯಲ್ಲಿದ್ದವರು ಸಾಕು ನಿಲ್ಲಿಸೋಣ ಅಂದರು. ಬೇಡ, ಚಾಂಪಿಯನ್ ಆದವನು ನಿಂತೇ ಸೋಲಬೇಕು ಅಂತ ಹಟ ಹಿಡಿದ. 15 ಸುತ್ತೂ ನಿಂತ. ಇಡೀ ವೃತ್ತಿಯಲ್ಲಿ ಸೋತದ್ದು ನಾಲ್ಕೇ ಸಲ. ಒಮ್ಮೆಯೂ ನಾಕೌಟ್ ಆಗಲಿಲ್ಲ. ಆ ರಾತ್ರಿಯೇ ಅವನ ಕೊನೆಯ ಪಂದ್ಯ. ನೋಡಿ, ಈ ಸೋಲನ್ನು ನೀವು ಕತ್ತರಿಸಲಿಲ್ಲ! ರಿಂಗಿನಲ್ಲಿ ಸೋತರೆ ಅದು ವೀರರ ಸೋಲು, ಔಷಧಿಯ ಮುಂದೆ ಸೋತರೆ ಹುಳುಕು. ಈ ತಾರತಮ್ಯ ಎಲ್ಲಿಂದ ಬಂತು ಮೇಷ್ಟ್ರೇ?

ಅದು ಹುಳುಕು ಹೇಗಾಗುತ್ತದೆ ಅಂತ ನನಗೆ ಈಗಲೂ ಅರ್ಥವಾಗುತ್ತಿಲ್ಲ. ಎರಡನೇ ಮಹಾಯುದ್ಧದ ಕಾಲ. 32 ದಾಟಿದ ಮನುಷ್ಯ, ವಯಸ್ಸು ಮೀರಿದೆ ಅಂದರೂ ಬಿಡದೆ ಅಮೆರಿಕದ ಸೇನೆಯ ಮರೀನ್ ಪಡೆ ಸೇರಿದ. ಇಲ್ಲೇ ಇದ್ದು ಹುಡುಗರಿಗೆ ಬಾಕ್ಸಿಂಗ್ ಹೇಳಿಕೊಡು ಅಂದರು, ಕೇಳಲಿಲ್ಲ. 1942ರ ನವೆಂಬರ್, ಪೆಸಿಫಿಕ್‌ನ ಗ್ವಾಡಲ್‌ಕನಾಲ್ ದ್ವೀಪ. ಗಸ್ತಿಗೆ ಹೋದ ಚಿಕ್ಕ ತಂಡ ಜಪಾನಿ ಸೈನಿಕರ ಮಧ್ಯೆ ಸಿಕ್ಕಿಕೊಂಡಿತು. ಜೊತೆಗಿದ್ದವರೆಲ್ಲ ಗಾಯಗೊಂಡು ಬಿದ್ದರು. ರಾತ್ರಿಯೆಲ್ಲ ಇವನೊಬ್ಬನೇ ಗುಂಡು ಹಾರಿಸಿ ತಡೆದ. ಗುಂಡು ಮುಗಿದ ಮೇಲೆ ಗ್ರೆನೇಡ್ ಎಸೆದ. ಬೆಳಗಾದಾಗ ಬದುಕಿದ್ದ ಗೆಳೆಯನನ್ನು, ತನಗಿಂತ ಎಷ್ಟೋ ಭಾರದವನನ್ನು, ಹೊತ್ತು ತಂದ. ಶೌರ್ಯಕ್ಕೆ ಕೊಡುವ ಸಿಲ್ವರ್ ಸ್ಟಾರ್ ಪದಕ ಸಿಕ್ಕಿತು. ಮೈಗೆ ಹೊಕ್ಕ ಲೋಹದ ಚೂರುಗಳಿಗೆ, ಮಲೇರಿಯಾ ಜ್ವರದ ಸಂಕಟಕ್ಕೆ ಮಿಲಿಟರಿ ಆಸ್ಪತ್ರೆಯಲ್ಲಿ ಕೊಟ್ಟದ್ದು ಮಾರ್ಫಿನ್. ಮಾರ್ಫಿನ್ ಅಂದರೆ ಅಫೀಮಿನಿಂದ ತೆಗೆದ ನೋವಿನ ಮದ್ದು. ಅದನ್ನು ಅವನು ಹುಡುಕಿಕೊಂಡು ಹೋಗಲಿಲ್ಲ. ನೋವು ಕಡಿಮೆಯಾದರೂ ಮದ್ದು ಅವನನ್ನು ಬಿಡಲಿಲ್ಲ. ನೀವು ಜೋಪಾನ ಮಾಡಿದ ಪುಟದ ಪದಕ, ನೀವು ಕತ್ತರಿಸಿದ ಪುಟದ ಸೂಜಿ, ಎರಡೂ ಅವನಿಗೆ ಸಿಕ್ಕಿದ್ದು ಅದೇ ಒಂದು ರಾತ್ರಿಯಿಂದ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ತೆಗೆದರೆ ಹುಡುಗನಿಗೆ ಏನು ತಿಳಿಯಿತು?

ಅದೇ ದ್ವೀಪದ ಇನ್ನೊಂದು ಸಂಗತಿ ಹೇಳಲೇಬೇಕು. ಆ ವರ್ಷದ ಕ್ರಿಸ್‌ಮಸ್ ಹಿಂದಿನ ರಾತ್ರಿ ಕ್ಯಾಥೊಲಿಕ್ ಪಾದ್ರಿಯೊಬ್ಬರು ಸೈನಿಕರಿಗೆ ಪೂಜೆ ನಡೆಸಬೇಕಿತ್ತು. ಅಲ್ಲಿ ಕಾಲಲ್ಲಿ ತುಳಿದು ನುಡಿಸುವ ಒಂದು ಹಳೇ ಆರ್ಗನ್ ಇತ್ತು. ನುಡಿಸಲು ಬಂದವನು ಯಹೂದಿ ರಾಸ್. ಅವರ ಹಬ್ಬದ ಹಾಡುಗಳನ್ನೆಲ್ಲ ನುಡಿಸಿದ. ಆಮೇಲೆ ನಿಮ್ಮದೊಂದು ಹಾಡು ಅಂತ ಕೇಳಿದಾಗ ಅಮ್ಮನ ಮೇಲಿನ ಒಂದು ಹಾಡು ನುಡಿಸಿದ, ಯುರೋಪಿನ ಯಹೂದಿಗಳ ಮನೆಮಾತಾದ ಯಿಡ್ಡಿಷ್‌ನದ್ದು. ಅಪ್ಪ ಹೋದ ದಿನ ಮೌನಕ್ಕೆ ಬಿದ್ದ ಅದೇ ಅಮ್ಮ. ನಾನು ಬಾಕ್ಸಿಂಗ್ ಅಭಿಮಾನಿ ಅಲ್ಲ. ಆದರೆ ಅಂಥ ಕಾಡಿನಲ್ಲಿ, ಅಂಥ ರಾತ್ರಿಯಲ್ಲಿ, ಗ್ಲೌಸ್ ಹಾಕಿ ಹಾಕಿ ಗಟ್ಟಿಯಾದ ಬೆರಳುಗಳು ಆರ್ಗನ್ ಮೇಲೆ ಓಡಾಡಿದ್ದನ್ನು ನೆನೆದರೆ ಗಂಟಲು ಕಟ್ಟುತ್ತದೆ.

ಮನೆಗೆ ಬಂದ ಮೇಲೆ ವಾರಕ್ಕೆ ನೂರಾರು ಡಾಲರ್ ಮದ್ದಿಗೇ ಹೋಯಿತು. ಹೆಂಡತಿ ದೂರವಾದಳು. 1946ರ ಸೆಪ್ಟೆಂಬರ್‌ನಲ್ಲಿ ಅವನು ಮಾಡಿದ ಕೆಲಸವೇ ನನ್ನ ಪ್ರಕಾರ ಅವನ ಬದುಕಿನ ದೊಡ್ಡ ಪಂದ್ಯ. ಯಾರೂ ಹಿಡಿದು ತಂದದ್ದಲ್ಲ, ತಾನಾಗಿಯೇ ಸರ್ಕಾರದವರ ಮುಂದೆ ನಿಂತು ನನಗೆ ಈ ಚಟ ಹತ್ತಿದೆ, ಸೇರಿಸಿಕೊಳ್ಳಿ ಅಂದ. ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ 1935ರಿಂದ ಇಂಥವರಿಗಾಗಿಯೇ ಕೇಂದ್ರ ಸರ್ಕಾರದ ಒಂದು ಆಸ್ಪತ್ರೆ ಇತ್ತು. ಅರ್ಧ ಜೈಲು, ಅರ್ಧ ಆಸ್ಪತ್ರೆ. ಶಿಕ್ಷೆಯಾದ ಕೈದಿಗಳೂ ಇದ್ದರು, ಸ್ವಂತ ಇಚ್ಛೆಯಿಂದ ಬಂದವರೂ ಇದ್ದರು. ದೇಶಕ್ಕೆಲ್ಲ ಮುಖ ಗೊತ್ತಿದ್ದ ಚಾಂಪಿಯನ್ ಆ ಬಾಗಿಲಿಗೆ ನಡೆದುಕೊಂಡು ಹೋದ. ಸುಮಾರು ನಾಲ್ಕು ತಿಂಗಳು ಅಲ್ಲಿದ್ದು ಹೊರಬಂದ. ಹೆಂಡತಿಯೂ ಅವನೂ ಮತ್ತೆ ಒಂದಾದರು. ಆಮೇಲೆ ಶಾಲೆ ಶಾಲೆಗೆ ಹೋಗಿ ಹೈಸ್ಕೂಲು ಮಕ್ಕಳ ಮುಂದೆ ಇದನ್ನೆಲ್ಲ ಬಾಯಿಬಿಟ್ಟು ಹೇಳಿದ. 1957ರಲ್ಲಿ ಬಂದ ಆತ್ಮಕಥೆಯಲ್ಲೂ ಬಚ್ಚಿಡಲಿಲ್ಲ. ಸತ್ತವರ ಹುಳುಕನ್ನು ನಾವು ಕೆದಕಿದೆವು ಅನ್ನುತ್ತೀರಿ. ಬದುಕಿದ್ದಾಗ ಅವನೇ ಮಕ್ಕಳನ್ನು ಕೂರಿಸಿಕೊಂಡು ಹೇಳಿದ ಕಥೆ ಇದು ಮೇಷ್ಟ್ರೇ.

ನೀವು ತರಗತಿಯಲ್ಲಿ ಗಾಂಧೀಜಿ ಬಗ್ಗೆ ಹೇಳಿರುತ್ತೀರಿ. ಹುಡುಗನಾಗಿದ್ದಾಗ ಅಣ್ಣನ ಕಡಗದಿಂದ ಚಿನ್ನ ಕದ್ದದ್ದು, ತಪ್ಪನ್ನು ಚೀಟಿಯಲ್ಲಿ ಬರೆದು ಹಾಸಿಗೆ ಹಿಡಿದಿದ್ದ ಅಪ್ಪನ ಕೈಗೆ ಕೊಟ್ಟದ್ದು, ಅಪ್ಪ ಓದಿ ಕಣ್ಣೀರು ಹಾಕಿ ಚೀಟಿ ಹರಿದದ್ದು. ಆ ಕಥೆ ಹೇಳಿದ್ದರಿಂದ ನಿಮ್ಮ ತರಗತಿಯ ಯಾವ ಹುಡುಗ ಕಳ್ಳನಾದ? ಆ ಚೀಟಿಯನ್ನು ಅಪ್ಪ ಹರಿದದ್ದು ಓದಿದ ಮೇಲೆ.

ಇದರಲ್ಲಿ ನನಗೆ ಇಷ್ಟು ಹಟ ಯಾಕೆ ಅಂತ ಹೇಳುತ್ತೇನೆ. ಮೂವತ್ತು ವರ್ಷದ ಹಿಂದೆ ನಾನು ಉಪಸಂಪಾದಕನಾಗಿದ್ದೆ. ನಮ್ಮ ಕಡೆಯ ಒಬ್ಬ ಪೈಲ್ವಾನರು ತೀರಿಕೊಂಡಿದ್ದರು. ಗರಡಿಮನೆಯ ಮಣ್ಣಿಗೆ ಇಳಿದರೆ ಎದುರಿಗೆ ನಿಲ್ಲಲು ಜನ ಹೆದರುತ್ತಿದ್ದ ಕಾಲ ಅವರದ್ದಿತ್ತು. ಒಂದು ಕುಸ್ತಿಯಲ್ಲಿ ಭುಜ ತಪ್ಪಿತು, ನೋವಿಗೆ ಅಂತ ಕುಡಿಯಲು ಶುರು ಮಾಡಿದರು, ನಿಲ್ಲಿಸಲು ಆಗಲಿಲ್ಲ. ಅವರ ಮಗ ಒಂದು ನೆನಪಿನ ಬರಹ ತಂದುಕೊಟ್ಟ. ಅದರಲ್ಲಿ ಎರಡು ಸಾಲು ಇತ್ತು. ಅಪ್ಪ ಬಾಟಲಿಯನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡುತ್ತಿದ್ದರು, ಅಮ್ಮ ಅನ್ನಕ್ಕೆ ಅಕ್ಕಿ ತೆಗೆಯುವಾಗ ಅದನ್ನು ಮುಟ್ಟಿಯೂ ಮುಟ್ಟದವಳಂತೆ ಪಾವು ಅಳೆಯುತ್ತಿದ್ದಳು ಅಂತ. ನಾನು ಆ ಎರಡು ಸಾಲು ಹೊಡೆದುಹಾಕಿದೆ. ಬೆಳ್ಳಿ ಗದೆಯ ಫೋಟೋ ಹಾಕಿ, 'ಅಲ್ಪಕಾಲದ ಅಸ್ವಸ್ಥತೆಯಿಂದ' ಅಂತ ಬರೆದು ಅಚ್ಚಿಗೆ ಕಳಿಸಿದೆ. ಪತ್ರಿಕೆ ಕೈಗೆ ಸಿಕ್ಕಿದ ಮೇಲೆ ಮಗ ಬಂದು ಕೂತು, ತುಂಬಾ ಹೊತ್ತು ಸುಮ್ಮನಿದ್ದು, "ಸಾರ್, ಅಷ್ಟು ವರ್ಷ ಮನೆಯಲ್ಲಿ ಯಾರೂ ಹೇಳಲಿಲ್ಲ. ಇಲ್ಲಾದರೂ ಹೇಳೋಣ ಅಂದ್ಕೊಂಡಿದ್ದೆ" ಅಂದ. ಎದ್ದು ಹೋದ. ಆವತ್ತಿನಿಂದ ಯಾರ ಬದುಕಿನ ಕಥೆಯಲ್ಲೂ ಇಂಥ ಸಾಲಿಗೆ ಪೆನ್ನು ತಾಗಿಸಿಲ್ಲ.

ನಮ್ಮಲ್ಲಿ ಅಭಿನಂದನ ಗ್ರಂಥಗಳು ಬರುತ್ತವೆ, ಒಂದೊಂದೂ ಇಟ್ಟಿಗೆಯಷ್ಟು ದಪ್ಪ. ಓದಿದರೆ ಯಾರೂ ಎಂದೂ ಎಡವಿಲ್ಲ, ಯಾರೂ ಸಾಲ ಮಾಡಿಲ್ಲ, ಯಾರ ಮನೆಯಲ್ಲೂ ಜಗಳ ಆಗಿಲ್ಲ. ಕ್ರೀಡಾ ಪುಟ ತೆಗೆದರೆ ಪದಕದ ದಿನ ಅರ್ಧ ಪುಟ, ಮೆರವಣಿಗೆ, ಶಾಲು, ಹಾರ. ಐದು ವರ್ಷ ಬಿಟ್ಟು ಆ ಹುಡುಗಿಯ ಮಂಡಿ ಏನಾಯಿತು, ಕೆಲಸ ಸಿಕ್ಕಿತೇ ಅಂತ ಕೇಳುವವರೇ ಇಲ್ಲ. ನೋವಿನ ಇಂಜೆಕ್ಷನ್ ಹಾಕಿಸಿಕೊಂಡು ರಾತ್ರಿ ಕಬಡ್ಡಿಗೆ ಇಳಿಯುವ ಹುಡುಗರನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಸುತ್ತ ನಿಂತವರು ಶಿಳ್ಳೆ ಹೊಡೆಯುತ್ತಿದ್ದರು. ಅವನಿಗೆ ಆಮೇಲೆ ಏನಾಯಿತು ಅನ್ನೋ ಪುಟವನ್ನು ನಾವ್ಯಾರೂ ಬರೆಯುವುದೇ ಇಲ್ಲ, ಇನ್ನು ಕತ್ತರಿಸುವ ಮಾತೆಲ್ಲಿ? ಮನೆಯಲ್ಲಿ ಕುಡಿಯುವವರಿದ್ದರೆ 'ಶುಗರ್ ಇದೆ' ಅನ್ನುತ್ತೇವೆ, 'ಲಿವರ್ ಸರಿಯಿಲ್ಲ' ಅನ್ನುತ್ತೇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟದ ಕಾಯಿಲೆಗೆ ಅಂತಲೇ ಪ್ರತ್ಯೇಕ ವಿಭಾಗ ಇದೆ. ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಯುತ್ತವೆ. ಆದರೂ ಜನ ಹೋಗುವುದಕ್ಕೆ ನಾಚುತ್ತಾರೆ, ಯಾಕೆಂದರೆ ಹೋಗಿ ಬಂದ ದೊಡ್ಡವರ ಕಥೆ ಅವರ ಕಿವಿಗೆ ಬಿದ್ದೇ ಇಲ್ಲ. ಎಲ್ಲ ಕತ್ತರಿಸಿ ಇಟ್ಟಿದ್ದೇವೆ, ಅಲ್ವಾ?

ಇನ್ನೊಂದು ಮಾತು. ರಾಸ್‌ನ ಬಾಲ್ಯದ ಗೆಳೆಯರಲ್ಲಿ ಜ್ಯಾಕ್ ರೂಬಿ ಒಬ್ಬ. ಅಮೆರಿಕದ ಅಧ್ಯಕ್ಷ ಕೆನಡಿಯ ಹಂತಕ ಎಂದು ಹಿಡಿದಿದ್ದ ಓಸ್ವಾಲ್ಡ್‌ನನ್ನು 1963ರಲ್ಲಿ ಗುಂಡಿಟ್ಟು ಕೊಂದವನು. ವಿಚಾರಣೆ ನಡೆದಾಗ ಆ ಹೆಸರಿನ ಹತ್ತಿರ ಸುಳಿಯಲು ಯಾರಿಗೂ ಮನಸ್ಸಿರಲಿಲ್ಲ. ರಾಸ್ ಹೋಗಿ ನನ್ನ ಹಳೇ ಗೆಳೆಯ ಅಂತ ಸಾಕ್ಷಿ ಹೇಳಿದ. ಹುಡುಗನಾಗಿದ್ದಾಗ ಏನೇ ಮುಚ್ಚಿಟ್ಟಿರಲಿ, ಲೆಕ್ಸಿಂಗ್ಟನ್‌ಗೆ ಹೋಗಿ ಬಂದ ಮೇಲೆ ಆ ಮನುಷ್ಯ ಏನನ್ನೂ ಮುಚ್ಚಿಡಲಿಲ್ಲ. 1967ರ ಜನವರಿಯಲ್ಲಿ, 57ನೇ ವಯಸ್ಸಿಗೆ, ಗಂಟಲು ಕ್ಯಾನ್ಸರ್‌ನಿಂದ ಷಿಕಾಗೋದಲ್ಲಿ ತೀರಿಕೊಂಡ.

ಆ ಪುಟವನ್ನು ನೀವು ತೆಗೆದಿಟ್ಟಿದ್ದೀರಿ ಅಂತ ಬರೆದಿದ್ದೀರಿ, ಎಸೆದಿಲ್ಲ. ಅದು ಓದಿ ನನಗೆ ಸಮಾಧಾನ ಆಯಿತು. ಸಂಜೆ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ಅವನ ಕೈಗೆ ಕೊಡಿ. 'ಆಮೇಲೆ ಏನಾದ ತಾತ?' ಅಂತ ಕೇಳಿದ್ದಾನಲ್ಲ, ಉತ್ತರ ಅದರಲ್ಲೇ ಇದೆ. ಮಾರ್ಫಿನ್ ಅಂದರೇನು ಅಂತ ಕೇಳಿದರೆ ಮೇಲೆ ಬರೆದಿದ್ದೇನೆ. ಪುಟ ಮಾಸಿದ್ದರೆ ಒಂದು ಕಾರ್ಡು ಬರೆಯಿರಿ, ಇಡೀ ಸಂಚಿಕೆಯನ್ನೇ ಅವನ ಹೆಸರಿಗೆ ಕಳಿಸುತ್ತೇನೆ.

— ಸಂಪಾದಕ