"ನೀವೇ ಒಬ್ರನ್ನ ಹೇಳ್ಬಿಡಿ ಮೇಡಂ" – ಥೆರಪಿಸ್ಟ್ ಹುಡುಕಾಟದ ಒಂದು ಪ್ರಕರಣ

ಗುರುತು ಸಿಗಬಾರ್ದು ಅಂತ ವಯಸ್ಸು, ಕೆಲಸ, ಮನೆ ವಿಷಯ ಎಲ್ಲ ಒಂಚೂರು ಬದಲಾಯಿಸಿದೀನಿ. ಹೆಸರಂತೂ ಹಾಕಲ್ಲ. ಬರೆಯೋಕೆ ಅವರ ಒಪ್ಪಿಗೆ ಇದೆ, ಬರೆದಿದ್ದನ್ನ ಓದಿ ಒಂದು ಕಡೆ ತಿದ್ದಿದಾರೆ ಕೂಡ.

ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಆಫೀಸಲ್ಲಿ ಲೆಕ್ಕಪತ್ರ ನೋಡ್ಕೊಳೋ ಕೆಲಸ. ಒಳಗೆ ಬಂದು ಕೂರೋ ಮುಂಚೆನೇ "ಸಾರಿ ಮೇಡಂ, ನಿಮ್ಗೆ ಇದಕ್ಕಿಂತ ಸೀರಿಯಸ್ ಕೇಸ್‌ಗಳಿರ್ತವೆ, ನಾನು ಬೇಗ ಮುಗಿಸ್ಬಿಡ್ತೀನಿ" ಅಂದ್ರು. ಕೈಯಲ್ಲಿ ನಾಲ್ಕು ಪುಟ, ಟೈಪ್ ಮಾಡಿದ್ದು, ತಮ್ಮಲ್ಲಿ ಏನೇನು ಸರಿ ಇಲ್ಲ ಅನ್ನೋದರ ಪಟ್ಟಿ, ನನ್ನ ಟೈಮ್ ಉಳೀಲಿ ಅಂತ ಮೊದಲೇ ಬರ್ಕೊಂಡು ಬಂದಿದ್ರು. ಅರ್ಧ ಪುಟ ನೋಡಿ ಪಕ್ಕಕ್ಕಿಟ್ಟೆ, "ಇದು ಆಮೇಲೆ ನೋಡೋಣ, ಮೊದಲು ನೀವು ಹೇಳಿ" ಅಂದೆ. ಅದು ಆಗ ನಂಗೆ ಬಹಳ ಜಾಣತನ ಅನ್ನಿಸಿತ್ತು.

ಬಂದಿದ್ದು ನನ್ನ ಹತ್ರ ಥೆರಪಿ ತಗೊಳೋಕಲ್ಲ. ಆಗಲೇ ಇಬ್ಬರ ಹತ್ರ ಹೋಗಿ ಬಿಟ್ಟಿದ್ರು, ಮೂರನೇವ್ರು ಯಾರು ಅಂತ ನಾನು ಹೇಳ್ಬೇಕಿತ್ತು. ಮೊದಲನೇವ್ರು ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು "ನಾನು ಯೋಗ್ಯಳು, ನನ್ನನ್ನ ಎಲ್ಲರೂ ಪ್ರೀತಿಸ್ತಾರೆ" ಅಂತ ಹೇಳ್ಕೊಳ್ಳಿ ಅಂದ್ರಂತೆ, ಇವರು ಹೇಳ್ಕೊಂಡಷ್ಟೂ ಒಳಗಿಂದ ಇನ್ನೊಂದು ದನಿ "ಸುಳ್ಳು ಬೊಗಳ್ಬೇಡ" ಅನ್ನೋದಂತೆ, ಆದ್ರೂ ಏಳು ಸೆಷನ್ ತನಕ "ತುಂಬಾ ಹೆಲ್ಪ್ ಆಗ್ತಿದೆ ಸಾರ್" ಅಂತಾನೇ ಹೇಳಿದಾರೆ. ಎರಡನೇವ್ರು ಹೆಚ್ಚು ಮಾತಾಡ್ದೆ ಕೇಳಿಸ್ಕೊಳೋರು, ಒಂದಿನ ಗಡಿಯಾರದ ಕಡೆ ಅವರ ಕಣ್ಣು ಹೋಯ್ತು ಅಷ್ಟೇ, ಇವರು "ಅವರಿಗೆ ಬೋರ್ ಹೊಡೆಸ್ತಿದೀನಿ" ಅಂತ ತೀರ್ಮಾನ ಮಾಡಿ, ಕೆಲಸ ಜಾಸ್ತಿ ಆಗಿದೆ ಅಂತ ಒಂದು ಮೆಸೇಜ್ ಹಾಕಿ ನಿಲ್ಲಿಸ್ಬಿಟ್ರು. "ಎರಡು ಸಲ ಆಯ್ತಲ್ಲ ಮೇಡಂ, ತೊಂದರೆ ಅವರಲ್ಲಿಲ್ಲ, ರಿಪೇರಿ ಆಗದೇ ಇರೋ ಪೀಸ್ ನಾನು."

ನನ್ನ ಲೆಕ್ಕದಲ್ಲಿ ಆ ಇಬ್ಬರೂ ಕೆಟ್ಟ ಥೆರಪಿಸ್ಟ್‌ಗಳಲ್ಲ. ಕನ್ನಡಿ ಅಭ್ಯಾಸ ಇವರಿಗೆ ಹೊಂದ್ಲಿಲ್ಲ ಅನ್ನೋದೂ ಇವರ ದೋಷ ಅಲ್ಲ. ಜೋಆನ್ ವುಡ್ ಅನ್ನೋ ಮನಶ್ಶಾಸ್ತ್ರಜ್ಞೆ ಮತ್ತು ಜೊತೆಗಾರರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಕಂಡಿತ್ತು, ತಮ್ಮ ಬಗ್ಗೆ ಮೊದಲೇ ಒಳ್ಳೇ ಅಭಿಪ್ರಾಯ ಇದ್ದೋರಿಗೆ ಇಂಥ ವಾಕ್ಯ ಸ್ವಲ್ಪ ಹಿತ ಕೊಟ್ಟಿತು, ಇಲ್ಲದೇ ಇದ್ದೋರಿಗೆ ಇನ್ನಷ್ಟು ಕುಗ್ಗಿದ ಹಾಗಾಯ್ತು. ಇದನ್ನ ಹೇಳ್ದಾಗ ಅವರು ಸುಮಾರು ಹೊತ್ತು ಸುಮ್ನೆ ಕೂತಿದ್ರು, ಆಮೇಲೆ "ಅಂದ್ರೆ ನಾನು ತಪ್ಪಾಗಿ ಮಾಡ್ತಿರ್ಲಿಲ್ವಾ?" ಅಂದ್ರು.

ಕೀಳರಿಮೆ ಅಂದ ತಕ್ಷಣ ಆತ್ಮವಿಶ್ವಾಸದ ಮಾತು ಶುರು ಮಾಡೋದು ನಮ್ಮ ಕಡೆಯವರ ದುರಭ್ಯಾಸ, ನಾನು ಮೊದಲು ಬೇರೆ ಪ್ರಶ್ನೆ ಕೇಳ್ತೀನಿ. ನಿದ್ದೆ ಹೇಗಿದೆ, ಊಟ ಸೇರತ್ತಾ, ಎರಡು ವಾರಕ್ಕಿಂತ ಹೆಚ್ಚಾಗಿ ಯಾವುದರಲ್ಲೂ ಮನಸ್ಸಿಲ್ಲದ ಹಾಗಿದೆಯಾ, ಸಾಯ್ಬೇಕು ಅನ್ನಿಸತ್ತಾ. ಕೊನೇ ಪ್ರಶ್ನೆ ಸುತ್ತಿ ಬಳಸಿ ಕೇಳಲ್ಲ, ನೇರವಾಗೇ ಕೇಳ್ತೀನಿ. ಹೌದು ಅಂದ್ರೆ ಆ ದಿನ ಥೆರಪಿಸ್ಟ್ ಹುಡುಕೋ ಮಾತೇ ಇಲ್ಲ, ಮೊದಲು ಸೈಕಿಯಾಟ್ರಿಸ್ಟ್ ಅಥವಾ ಎಮರ್ಜೆನ್ಸಿ. ಇವರಿಗೆ ಅಂಥದ್ದೇನೂ ಇರ್ಲಿಲ್ಲ. ಕೀಳರಿಮೆ ತಾನಾಗೇ ಒಂದು ಕಾಯಿಲೆಯ ಹೆಸರಲ್ಲ, ಆದ್ರೆ ಡಿಪ್ರೆಶನ್ ಜೊತೆಗೋ ನಾಲ್ಕು ಜನರ ಮುಂದೆ ಬರೋ ಆತಂಕದ ಜೊತೆಗೋ ಬಂದಿರಬಹುದು, ಅದಕ್ಕೇ ಈ ವಿಚಾರಣೆ. ರೋಸೆನ್‌ಬರ್ಗ್ ಅಂತ ಒಬ್ಬ ಸಮಾಜಶಾಸ್ತ್ರಜ್ಞ 1965ರಲ್ಲಿ ಮಾಡಿದ, ನಮ್ಮ ಬಗ್ಗೆ ನಮಗೇ ಎಷ್ಟು ಒಳ್ಳೇ ಅಭಿಪ್ರಾಯ ಇದೆ ಅಂತ ಅಳೆಯೋ ಹತ್ತು ವಾಕ್ಯದ ಪಟ್ಟಿ ಇದೆ, ಅದನ್ನೂ ತುಂಬಿಸ್ದೆ, 30ಕ್ಕೆ 9 ಬಂತು. "ಫೇಲಾ?" ಅಂದ್ರು. ಪಾಸು ಫೇಲು ಇಲ್ಲ, ಮೂರು ತಿಂಗಳಾದ್ಮೇಲೆ ಹೋಲಿಸಿ ನೋಡೋಕೆ ಒಂದು ಗುರುತು ಅಷ್ಟೇ ಅಂದೆ.

ಮನೇಲಿ ಹೇಗಿತ್ತು ಅಂತ ಕೇಳಿದ್ದಕ್ಕೆ "ಹೊಡ್ದಿಲ್ಲ ಬಡ್ದಿಲ್ಲ ಮೇಡಂ, ನಾನು ಆಟಕ್ಕುಂಟು ಲೆಕ್ಕಕ್ಕಿಲ್ಲ ಅಷ್ಟೇ" ಅಂದ್ರು. ಲೆಕ್ಕ ಬರೆಯೋರ ಬಾಯಲ್ಲಿ ಆ ಮಾತು ಕೇಳಿ ಒಂದು ಕ್ಷಣ ನಂಗೇ ಮಾತು ಹೊರಡ್ಲಿಲ್ಲ. ಮೆಲನಿ ಫೆನ್ನೆಲ್ ಅನ್ನೋ ಮನಶ್ಶಾಸ್ತ್ರಜ್ಞೆ 1997ರಲ್ಲಿ ವಿವರಿಸಿದ ಒಂದು ಮಾದರಿ ಇಲ್ಲಿ ಉಪಯೋಗಕ್ಕೆ ಬಂತು. ಚಿಕ್ಕವಯಸ್ಸಲ್ಲಿ ನಮ್ಮ ಬಗ್ಗೆ ಒಂದು ತೀರ್ಪು ಕೂತ್ಬಿಡತ್ತೆ, ಆ ತೀರ್ಪು ಹೊರಗೆ ಬೀಳದ ಹಾಗೆ ನೋಡ್ಕೊಳೋಕೆ ನಾವೇ ಕೆಲವು ರೂಲ್ಸ್ ಮಾಡ್ಕೊಂಡಿರ್ತೀವಿ, ರೂಲ್ಸ್ ಮುರಿಯೋ ಸಂದರ್ಭ ಬಂದ್ರೆ ಸಾಕು ಭಯ ಶುರು. ಇವರ ತೀರ್ಪು, ನಾನು ಲೆಕ್ಕಕ್ಕಿಲ್ಲ. ರೂಲು, ಯಾರಿಗೂ ಭಾರ ಆಗ್ಬಾರ್ದು, ಯಾರಿಗೂ ಬೇಜಾರು ಮಾಡ್ಬಾರ್ದು. ಈಗ ಇದನ್ನ ಥೆರಪಿಸ್ಟ್ ಹುಡುಕಾಟದ ಮೇಲಿಟ್ಟು ನೋಡಿ. ಪ್ರಶ್ನೆ ಕೇಳಿದ್ರೆ ಭಾರ ಆಗತ್ತೆ, ಆದ್ದರಿಂದ ಕೇಳಲ್ಲ. ಹೊಂದ್ತಿಲ್ಲ ಅಂದ್ರೆ ಬೇಜಾರು ಮಾಡ್ಕೊತಾರೆ, ಆದ್ದರಿಂದ ಚೆನ್ನಾಗಿದೆ ಅಂತಾರೆ. ಥೆರಪಿಸ್ಟ್‌ಗೆ ಸಿಕ್ಕಿದ್ದು ಇವರು ತೋರ್ಸಿದ ಮುಖ, ಒಳಗಿನ ಮನುಷ್ಯರಲ್ಲ, ಹಾಗಾಗಿ ಕೆಲಸ ಆಗ್ಲಿಲ್ಲ. ಯಾವ ರೋಗಕ್ಕೆ ಮದ್ದು ಹುಡುಕ್ತಿದಾರೋ ಅದೇ ರೋಗ ಮದ್ದಿನಂಗಡಿ ಬಾಗಿಲಲ್ಲಿ ಕೂತು ಬೀಗ ಹಾಕ್ತಿದೆ.

"ಹಾಗಾದ್ರೆ ನೀವೇ ಒಬ್ರನ್ನ ಹೇಳ್ಬಿಡಿ ಮೇಡಂ, ನೀವು ಹೇಳಿದೋರ ಹತ್ರ ಕಣ್ಮುಚ್ಕೊಂಡು ಹೋಗ್ತೀನಿ" ಅಂದ್ರು. ನನ್ನ ಡೈರೀಲಿ ಹೆಸರುಗಳಿದ್ವು. ಮೂರು ಹೆಸರು ಕೊಟ್ಟೆ, ಆದ್ರೆ ಯಾರು ಅಂತ ಆರಿಸಿ ಕೊಡ್ಲಿಲ್ಲ. ಇದು ಸರೀನಾ ಕ್ರೌರ್ಯನಾ ಅಂತ ಆ ರಾತ್ರಿ ಯೋಚನೆ ಬಂದಿದ್ದು ನಿಜ, ತೀರಾ ಕುಗ್ಗಿರೋರಿಗೆ ನಾನು ಹೀಗೆ ಮಾಡಲ್ಲ, ನಾನೇ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ಹಾಕಿ ಕಳಿಸ್ತೀನಿ. ಇವರಿಗೆ ಆರಿಸೋದೇ ಅಭ್ಯಾಸ ಆಗ್ಬೇಕಿತ್ತು.

ಕೊಟ್ಟ ಸಲಹೆ ಇಷ್ಟು. ಮೂವರಿಗೂ ಫೋನ್ ಮಾಡಿ. ಏನು ಓದಿದೀರ, ಲೈಸೆನ್ಸ್ ಕೊಡೋ ಸಂಸ್ಥೆಯ ಪಟ್ಟೀಲಿ ನಿಮ್ಮ ಹೆಸರಿದೆಯಾ ಅಂತ ಕೇಳೋಕೆ ಸಂಕೋಚ ಬೇಡ, ಸರಿಯಾದೋರು ಯಾರೂ ಇದಕ್ಕೆ ಸಿಟ್ಟಾಗಲ್ಲ. ತನ್ನನ್ನ ತಾನು ಬೈಕೊಳೋರ ಜೊತೆ ಹೇಗೆ ಕೆಲಸ ಮಾಡ್ತೀರ ಅಂತ ಕೇಳಿ. ಸಿಬಿಟಿ, ಅಂದ್ರೆ ಯೋಚನೆ, ನಡವಳಿಕೆ ಬದಲಾಯಿಸೋ ಥೆರಪಿ ಮಾಡೋರಾದ್ರೆ ನಿಮ್ಮ ಊಹೆಗಳನ್ನ ಸಣ್ಣ ಪ್ರಯೋಗ ಮಾಡಿ ಪರೀಕ್ಷೆ ಮಾಡೋಣ ಅಂತಾರೆ, ಸಾಮಾನ್ಯವಾಗಿ 6ರಿಂದ 20 ಸೆಷನ್ ಲೆಕ್ಕ. ನಾಚಿಕೆ, ಅವಮಾನ ಜಾಸ್ತಿ ಇದ್ದೋರಿಗೆ ಪಾಲ್ ಗಿಲ್ಬರ್ಟ್ ಅನ್ನೋ ಮನಶ್ಶಾಸ್ತ್ರಜ್ಞ ರೂಪಿಸಿದ ಕರುಣೆ ಆಧಾರಿತ ಥೆರಪಿ ಕೂಡ ಇದೆ, ತಪ್ಪು ಮಾಡ್ದಾಗ ಸ್ನೇಹಿತೆಗೆ ಆಡೋ ಮಾತನ್ನ ತನಗೇ ಆಡ್ಕೊಳೋದು ಕಲಿಸ್ತಾರೆ, ಕೇಳೋಕೆ ಸುಲಭ, ಮಾಡೋಕೆ ಕೂತ್ರೆ ಗಂಟಲು ಕಟ್ಟತ್ತೆ. ಬೇರು ಹುಡ್ಕೊಂಡು ಹಿಂದಕ್ಕೆ ಹೋಗೋ ಪದ್ಧತಿಗಳಿಗೆ ಸಮಯ ಹೆಚ್ಚು ಬೇಕಾಗ್ಬಹುದು. ಯಾವ ಪದ್ಧತಿ ಅನ್ನೋದಕ್ಕೆ ಜಾಸ್ತಿ ತಲೆ ಕೆಡಿಸ್ಕೋಬೇಡಿ ಅಂದೆ, ಎಡ್ವರ್ಡ್ ಬೋರ್ಡಿನ್ ಅನ್ನೋ ಮನಶ್ಶಾಸ್ತ್ರಜ್ಞ 1979ರಲ್ಲಿ ಹೇಳಿದ ಮೂರು ವಿಷಯ ನೋಡಿ, ಎಲ್ಲಿಗೆ ಹೋಗ್ಬೇಕು ಅನ್ನೋದ್ರಲ್ಲಿ ಇಬ್ರಿಗೂ ಒಪ್ಪಿಗೆ ಇದೆಯಾ, ಯಾವ ದಾರೀಲಿ ಅನ್ನೋದ್ರಲ್ಲಿ ಇದೆಯಾ, ನಡುವೆ ಒಂದು ನಂಬಿಕೆ ಹುಟ್ತಿದೆಯಾ. ಮೂರ್ನಾಲ್ಕು ಸೆಷನ್ ಕೊಟ್ಟು ನೋಡಿ. ಇಷ್ಟು ದಿನದಲ್ಲಿ ಗ್ಯಾರಂಟಿ ಸರಿ ಮಾಡ್ತೀನಿ ಅನ್ನೋರು, ಬೇರೆ ಕ್ಲೈಂಟ್ ಕಥೆ ಹೆಸರು ಹಿಡಿದು ಹೇಳೋರು, ಸೆಷನ್ ಹೊರಗೆ ಸಲಿಗೆ ಬೆಳೆಸೋರು, ಇವರ ಹತ್ರ ಮೂರ್ನಾಲ್ಕು ಸೆಷನ್ ಬೇಡ, ಅದೇ ದಿನ ಎದ್ದು ಬನ್ನಿ.

ಕೊನೇದಾಗಿ ಒಂದು ಪ್ರಶ್ನೆ ಕಡ್ಡಾಯ ಅಂದೆ: "ನೀವು ಮಾಡಿದ್ದು ನಂಗೆ ಹಿಡಿಸ್ಲಿಲ್ಲ ಅಂದ್ರೆ ನಿಮ್ಗೆ ಹೇಗೆ ಹೇಳ್ಲಿ?" ಉತ್ತರಕ್ಕಿಂತ ಉತ್ತರ ಕೊಡೋ ಧಾಟಿ ಕೇಳಿಸ್ಕೊಳ್ಳಿ.

ಎರಡು ವಾರ ಬಿಟ್ಟು ಬಂದ್ರು. ಒಬ್ಬರು ವಾಪಸ್ ಫೋನೇ ಮಾಡಿಲ್ಲ. ಒಬ್ಬರು "ಅದೆಲ್ಲ ಬಂದ್ಮೇಲೆ ನೋಡೋಣ ಬನ್ನಿ" ಅಂದ್ರಂತೆ, ಇವರು ಹತ್ತು ನಿಮಿಷ ಬೆವತು "ನಾನು ಅಧಿಕಪ್ರಸಂಗ ಮಾಡ್ದೆ" ಅಂತ ಮೂರು ದಿನ ಫೋನ್ ಮುಟ್ಲಿಲ್ಲ. ಇನ್ನೊಬ್ಬರು ನಕ್ಕು "ಒಳ್ಳೇ ಪ್ರಶ್ನೆ, ಪ್ರತಿ ಸೆಷನ್ ಕೊನೇಲಿ ನಾನೇ ಕೇಳ್ತೀನಿ, ಆಗ ಸುಳ್ಳು ಹೇಳ್ಬೇಡಿ" ಅಂದ್ರಂತೆ. ಅವರ ಹತ್ರನೇ ಶುರು ಮಾಡಿದ್ರು. ಮೂರನೇ ಸೆಷನ್‌ನಲ್ಲಿ, ಹೋಂವರ್ಕ್ ಅರ್ಥ ಆಗಿರ್ಲಿಲ್ಲ, ಸುಮ್ನೆ ತಲೆ ಆಡಿಸಿದ್ದೆ ಅಂತ ಹೇಳ್ಬಿಟ್ರಂತೆ, ಅವರು ಬೈಲಿಲ್ಲ, ಇನ್ನೊಂದು ಥರ ವಿವರಿಸಿದ್ರು, ಅಷ್ಟೇ. ನಂಗೆ ಇದನ್ನ ಹೇಳುವಾಗ ಅವರ ಕೈ ನಡುಗ್ತಿತ್ತು. ಸಣ್ಣ ವಿಷಯ ಅನ್ಸಬಹುದು, ಏಳು ಸೆಷನ್ "ಚೆನ್ನಾಗಿದೆ ಸಾರ್" ಅಂದೋರಿಗೆ ಅದು ಸಣ್ಣದಲ್ಲ.

ಮೂರು ತಿಂಗಳಾದ್ಮೇಲೆ ಅದೇ ಹತ್ತು ವಾಕ್ಯ ತುಂಬಿಸ್ದೆ, 13 ಬಂತು. ಒಂಬತ್ತರಿಂದ ಹದಿಮೂರು, ಪವಾಡ ಏನಲ್ಲ, ಆಫೀಸಲ್ಲಿ ಈಗ್ಲೂ ಬೇರೆಯವರ ಕೆಲಸ ಹೊತ್ಕೊಂಡು ತಡವಾಗಿ ಮನೆಗೆ ಹೋಗೋ ದಿನಗಳಿವೆ. ಹೊರಡೋಕೆ ಎದ್ದೋರು ಬಾಗಿಲ ಹತ್ರ ನಿಂತ್ರು.

"ಮೇಡಂ, ಒಂದು ಹೇಳ್ಲಾ? ಮೊದಲನೇ ದಿನ ನಾಲ್ಕು ಪುಟ ಬರ್ಕೊಂಡು ಬಂದಿದ್ದೆ. ಆಮೇಲೆ ನೋಡೋಣ ಅಂದ್ರಿ, ನೋಡ್ಲೇ ಇಲ್ಲ. ಬರೆಯೋಕೆ ಎರಡು ರಾತ್ರಿ ಹಿಡಿದಿತ್ತು, ನಂಗೆ ಬೇಜಾರಾಗಿತ್ತು."

ಫೈಲ್ ತೆಗೆದು ನೋಡ್ದೆ, ಆ ಪುಟಗಳು ಇನ್ನೂ ಅದರಲ್ಲೇ ಇದ್ವು. ತಪ್ಪಾಯ್ತು, ಓದಿಲ್ಲ ಅಂದೆ. ಅವರು ವಾಪಸ್ ಬಂದು ಕೂತ್ರು, ಮೊದಲನೇ ಪುಟದಿಂದ ಓದೋಕೆ ಶುರು ಮಾಡಿದ್ವಿ.