ಕೆನಡಿ ಹತ್ಯೆಯ ಕಾಲದ ಪತ್ರಿಕೆಗಳಲ್ಲಿ ಯಾವುದನ್ನು ಸಂಗ್ರಹಿಸಬೇಕು?

ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿ ಹತ್ಯೆಯ ಸುದ್ದಿಯಿರುವ ಹಳೆಯ ಪತ್ರಿಕೆಗಳಲ್ಲಿ ಯಾವುದಕ್ಕೆ ಬೆಲೆ ಹೆಚ್ಚು, ಅವುಗಳನ್ನು ಕಾಪಾಡುವುದು ಹೇಗೆ ಎಂದು ಕೇಳಿದ್ದೀರಿ. ಮೊದಲು ಹತ್ಯೆ ನಡೆದ ಊರಾದ ಡಲ್ಲಾಸ್‌ನ ಪತ್ರಿಕೆಗಳನ್ನೇ ಹುಡುಕಿ. 1963ರ ನವೆಂಬರ್ 22ರಂದು ಮಧ್ಯಾಹ್ನ 12.30ಕ್ಕೆ ಗುಂಡು ಹಾರಿತು. ‘ಡಲ್ಲಾಸ್ ಟೈಮ್ಸ್ ಹೆರಾಲ್ಡ್’ ಅದೇ ದಿನ ಸಾವಿನ ಸುದ್ದಿ ಹೊತ್ತು ಬೀದಿಗೆ ಬಂತು. ಅವಸರದಲ್ಲಿ ಅಚ್ಚಾದ ಇಂಥ ಪುಟಗಳಲ್ಲಿ ಆ ಗಳಿಗೆಯ ತಳಮಳ ಹಾಗೆಯೇ ಉಳಿದಿರುತ್ತದೆ. ನನಗಂತೂ ಅದಕ್ಕಿಂತ ದೊಡ್ಡ ಆಕರ್ಷಣೆ ಬೇರಿಲ್ಲ.

ಅಮೆರಿಕದ ವಾರಪತ್ರಿಕೆ ‘ಲೈಫ್’ನ ನವೆಂಬರ್ 29ರ ಸಂಚಿಕೆ ಎಲ್ಲರಿಗೂ ಗೊತ್ತು. ಹತ್ಯೆಯನ್ನು ಸ್ಥಳದಲ್ಲೇ ಸೆರೆಹಿಡಿದ ಪ್ರೇಕ್ಷಕ ಜಪ್ರೂಡರ್‌ನ ಚಿತ್ರಸುರುಳಿಯ ದೃಶ್ಯಗಳು ಅದರಲ್ಲಿ ಕಪ್ಪು ಬಿಳುಪಿನಲ್ಲಿ ಅಚ್ಚಾಗಿವೆ. ಆದರೆ ಅದನ್ನು ಲೆಕ್ಕವಿಲ್ಲದಷ್ಟು ಮನೆಗಳು ಜೋಪಾನವಾಗಿ ಎತ್ತಿಟ್ಟಿದ್ದರಿಂದ ಅಪರೂಪವಲ್ಲ, ಹೆಚ್ಚು ಹಣ ಕೊಡಬೇಡಿ. ಹತ್ಯೆಯ ತನಿಖೆ ನಡೆಸಿದ ವಾರನ್ ಆಯೋಗದ ವರದಿ ಕುರಿತ, ಅದೇ ‘ಲೈಫ್’ನ 1964ರ ಅಕ್ಟೋಬರ್ 2ರ ಸಂಚಿಕೆ ಹೆಚ್ಚು ಸ್ವಾರಸ್ಯಕರ: ಮುದ್ರಣದ ನಡುವೆಯೇ ಚಿತ್ರ, ಅಡಿಬರಹಗಳನ್ನು ಬದಲಿಸಿದ್ದರಿಂದ ಅದರ ಪ್ರತಿಗಳೆಲ್ಲ ಒಂದೇ ರೀತಿ ಇಲ್ಲ. ಪುಟ ತೆರೆದು ನೋಡದೆ ಕೊಳ್ಳಬೇಡಿ.

ಮರುಮುದ್ರಣಗಳ ಬಗ್ಗೆ ಎಚ್ಚರವಿರಲಿ. ಉದಾಹರಣೆಗೆ, ಲಿಂಕನ್ ಹತ್ಯೆಯ 1865ರ ‘ನ್ಯೂಯಾರ್ಕ್ ಹೆರಾಲ್ಡ್’ ಎಂದು ಸಿಗುವವುಗಳಲ್ಲಿ ಬಹುಪಾಲು ಆಮೇಲೆ ಅಚ್ಚಾದವು. ಆ ಕಾಲದ ಅಸಲಿ ಕಾಗದ ಚಿಂದಿ ಬಟ್ಟೆಯ ನಾರಿನದು, ಇಂದಿಗೂ ಮೆತ್ತಗೆ ಬಾಗುತ್ತದೆ. ಮರದ ತಿರುಳಿನ ನಕಲು ಕಂದಾಗಿ ಮಡಿಕೆಯಲ್ಲೇ ಉದುರುತ್ತದೆ.

1963ರ ದಿನಪತ್ರಿಕೆಗಳೂ ಮರದ ತಿರುಳಿನವೇ. ಆಮ್ಲರಹಿತ ಪೆಟ್ಟಿಗೆಯಲ್ಲಿ, ಬೆಳಕು ಬೀಳದ ತಂಪು ಜಾಗದಲ್ಲಿ ಚಪ್ಪಟೆಯಾಗಿಡಿ. ಹರಿದರೂ ಅಂಟುಪಟ್ಟಿ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಲೇಬೇಡಿ.